ಬಾಳೆ ಎಲೆಯ ಬೆನ್ನು

ತಂಗಿ: ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಬಾ ಅಣ್ಣ. ಕಾಫಿ ಆಮೇಲೆ ಕುಡಿಯುವಿಯಂತೆ. ಮೊದಲು ಈ ಗೋಡೆ ನೋಡು.

ಅಣ್ಣ: ಆಗಲಿ. ಬಣ್ಣ ಬಳಿದ ಈ ಮೂರು ಹಲಗೆ ಹುಷಾರಾಗಿ ಒಳಗಿಡು, ಶಿವಮೊಗ್ಗದಿಂದ ತೊಡೆ ಮೇಲಿಟ್ಟುಕೊಂಡೇ ಬಂದಿದ್ದೀನಿ. ಹೂಂ. ಇದೇನಾ ಆ ಗೋಡೆ?

ತಂಗಿ: ಇದೇ. ಶೇಡ್ ಕಾರ್ಡಿನಲ್ಲಿ ಎಷ್ಟು ಮುದ್ದಾಗಿತ್ತು ಗೊತ್ತಾ? ಹೆಬ್ಬೆರಳ ಉಗುರಿನಷ್ಟು ಒಂದು ಚೌಕ, ಹಾಲಿಗೆ ಒಂದು ಹನಿ ಹಸಿರು ಬಿಟ್ಟ ಹಾಗಿತ್ತು. ಗೋಡೆಗೆ ಬಂದ ಮೇಲೆ ನೋಡಿದರೆ ನಮ್ಮ ಆಪರೇಷನ್ ಥಿಯೇಟರಿನ ಕಾರಿಡಾರ್. 14 ವರ್ಷದಿಂದ ಆ ಬಣ್ಣದ ಮಧ್ಯೆ ನಿಂತು ಕೆಲಸ ಮಾಡ್ತಿದ್ದೀನಿ. ಡ್ಯೂಟಿ ಮುಗಿಸಿ ಬಂದು ಬಾಗಿಲು ತೆಗೆದರೆ ಮತ್ತೆ ಡ್ಯೂಟಿಗೇ ಹೋದ ಹಾಗಾಗುತ್ತೆ.

ಅಣ್ಣ: ಬಿಳಿ ಬಳಿಸಿಬಿಡು ಅಂತ ಫೋನಿನಲ್ಲೇ ಹೇಳಿದ್ದೆ.

ತಂಗಿ: ನನಗೆ ಹಸಿರೇ ಬೇಕು. ಆದರೆ ಇದು ಬೇಡ. ಅಜ್ಜಿ ಮನೆ ನಡುಮನೆ ನೆನಪಿದೆಯಲ್ಲ? ಮಧ್ಯಾಹ್ನ ಊಟ ಆದ ಮೇಲೆ ಚಾಪೆ ಹಾಸಿ ಮಲಗಿದರೆ ಗೋಡೆ ಪೂರ್ತಿ ತಿಳಿಹಸಿರು. ಮೂಲೆಯಲ್ಲಿ ಸ್ವಲ್ಪ ನೀಲಿ, ಕಿಟಕಿ ಹತ್ತಿರ ಸ್ವಲ್ಪ ಬಿಳಿ. ಅಂಥದ್ದು ಬೇಕು ಅಂತ ಪೇಂಟರಿಗೆ ಹೇಳಿದೆ. ಅವನು ಕಾರ್ಡ್ ಬಿಡಿಸಿ ಬೆರಳಿಟ್ಟು ತೋರಿಸಿದ, ನಾನು ಒಪ್ಪಿಕೊಂಡೆ.

ಅಣ್ಣ: ಅಜ್ಜಿ ಮನೆಯ ಬಣ್ಣ ಯಾವ ಅಂಗಡಿಯಿಂದಲೂ ಬಂದದ್ದಲ್ಲ ಕಣೇ, ಅಡಿಕೆ ತೋಟದಿಂದ ಬಂದದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸ್ತಿದ್ದರಲ್ಲ, ಬೋರ್ಡೋ ದ್ರಾವಣ? ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಬಳಕೆಗೆ ಬಂದ ಔಷಧಿ ಅದು. ನಮ್ಮ ಅಡಿಕೆಗೆ ಅದನ್ನ ಹಿಡಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಸಾಹೇಬರು, 1910ರ ಆಸುಪಾಸಿನಲ್ಲಿ. ಮಳೆ ಮುಗಿದ ಮೇಲೆ ಅಟ್ಟದಲ್ಲಿ ಎರಡು ಹಿಡಿ ಮೈಲುತುತ್ತ ಉಳಿದಿರ್ತಿತ್ತು. ದೀಪಾವಳಿಗೆ ಮನೆಗೆ ಸುಣ್ಣ ಹೊಡೆಯುವಾಗ ಅಜ್ಜಿ ಅದನ್ನೇ ನೆನೆಸಿ ಸುಣ್ಣಕ್ಕೆ ಸುರಿಯೋಳು.

ತಂಗಿ: ಮಣ್ಣಿನ ಮಡಕೆಯಲ್ಲಿ ನೆನೆಸ್ತಿದ್ದಳು. ಕಬ್ಬಿಣದ ಬಕೆಟ್ ತಂದರೆ ಬೈಯೋಳು.

ಅಣ್ಣ: ಬೈಯಲೇಬೇಕು. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಅದರಲ್ಲಿರೋ ತಾಮ್ರ ಕಬ್ಬಿಣದ ಮೇಲೆ ಕೂತುಬಿಡುತ್ತೆ, ಬಣ್ಣ ಕೆಡುತ್ತೆ, ಬಕೆಟ್ ತೂತಾಗುತ್ತೆ. ಆ ಕಡು ನೀಲಿ ನೀರು ಸುಣ್ಣಕ್ಕೆ ಬಿದ್ದ ಕೂಡಲೇ ತಿಳಿಯಾಗಿ ಮಂಜಿನ ನೀಲಿ ಆಗುತ್ತೆ. ಗೋಡೆ ಮೇಲೆ ಒಣಗ್ತಾ ಒಣಗ್ತಾ ಹಸಿರಿಗೆ ತಿರುಗುತ್ತೆ. ಸುಣ್ಣ ಒಣಗೋದು ಅಂದರೆ ಬರೀ ನೀರು ಆರೋದಲ್ಲ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳ್ಕೊಂಡು ಮತ್ತೆ ಕಲ್ಲಾಗೋದು. ಸುಡೋಕೆ ಮುಂಚೆ ಅದು ಸುಣ್ಣದ ಕಲ್ಲಾಗಿತ್ತಲ್ಲ, ಗೋಡೆ ಮೇಲೆ ಮತ್ತೆ ಅದೇ ಆಗುತ್ತೆ. ತಾಮ್ರ ಆ ಕಲ್ಲಿನೊಳಗೇ ಸಿಕ್ಕಿಕೊಂಡಿರುತ್ತೆ. ಒಂದೊಂದು ಸಲ ಮೈಲುತುತ್ತ ಹೆಚ್ಚು, ಒಂದೊಂದು ಸಲ ಕಡಿಮೆ. ತೆಂಗಿನ ಸಿಪ್ಪೆ ಜಜ್ಜಿ ಮಾಡಿದ ಕುಂಚದಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ನೀನು ಮಲಗಿಕೊಂಡು ನೋಡ್ತಿದ್ದ ನೀಲಿ, ಬಿಳಿ ಎಲ್ಲ ಅದೇ.

ತಂಗಿ: ಹಾಗಾದರೆ ಇಲ್ಲಿಗೂ ಅದನ್ನೇ ಹೊಡೆಸೋಣ. ಸುಣ್ಣ ಸಿಗುತ್ತೆ, ಮೈಲುತುತ್ತ ಸಿಗುತ್ತೆ.

ಅಣ್ಣ: ನಿನ್ನ ಗೋಡೆಗೆ ಪುಟ್ಟಿ ಎಳೆದು ಪ್ರೈಮರ್ ಹೊಡೆದು ಎಮಲ್ಷನ್ ಬಳಿದಾಗಿದೆ. ಸುಣ್ಣಕ್ಕೆ ಹೀರೋ ಗೋಡೆ ಬೇಕು. ಈ ಪ್ಲಾಸ್ಟಿಕ್ ಪದರದ ಮೇಲೆ ಹೊಡೆದರೆ ಹಪ್ಪಳದ ಹಾಗೆ ಎದ್ದುಬರುತ್ತೆ. ಎಲ್ಲ ಕೆರೆದು ಸಿಮೆಂಟಿನ ತನಕ ಹೋಗೋದಾದರೆ ಮಾತು ಬೇರೆ, ಅಷ್ಟು ಧೂಳನ್ನ ಈ ಮನೆ ತಡೆಯಲ್ಲ. ಇನ್ನೊಂದು ವಿಷಯ ಇದೆ, ಅದನ್ನ ನಾನು ಬಾಯಲ್ಲಿ ಹೇಳಿದರೆ ನೀನು ಒಪ್ಪಲ್ಲ. ಆ ಮೊದಲನೇ ಹಲಗೆ ಬಿಚ್ಚು.

ತಂಗಿ: ಅಯ್ಯೋ, ಇದು ಅಜ್ಜಿ ಮನೆ ಗೋಡೆನೇ!

ಅಣ್ಣ: ಅದೇ. ಹೋದ ತಿಂಗಳು ಊರಿಗೆ ಹೋದಾಗ ಹಿತ್ತಿಲ ಕಡೆ ಉದುರಿದ್ದ ಒಂದು ಚಕ್ಕೆ ತಂದು, ಪೇಂಟ್ ಅಂಗಡಿಯ ಮಿಕ್ಸಿಂಗ್ ಮೆಷಿನ್ನಿನಲ್ಲಿ ಅದಕ್ಕೆ ಹೊಂದೋ ಬಣ್ಣ ಮಾಡಿಸಿದೆ. ಈಗ ಅದನ್ನ ಗೋಡೆಗೆ ಒರಗಿಸಿ ನಾಲ್ಕು ಹೆಜ್ಜೆ ಹಿಂದೆ ಬಾ.

ತಂಗಿ: ಇದ್ಯಾಕೆ ಹೀಗೆ? ಕೈಯಲ್ಲಿ ಹಿಡಿದಾಗ ಅಜ್ಜಿ ಮನೆ, ಅಲ್ಲಿಟ್ಟರೆ ಈಜುಕೊಳದ ಟೈಲ್ಸ್.

ಅಣ್ಣ: ಅಜ್ಜಿ ಮನೆಯಲ್ಲಿ ಕೆಳಗೆ ಏನಿತ್ತು?

ತಂಗಿ: ಕೆಂಪು ಗಾರೆ ನೆಲ.

ಅಣ್ಣ: ಮೇಲೆ?

ತಂಗಿ: ಹಲಗೆ ಮಾಡು. ಹೊಗೆ ಹಿಡಿದು ಕಪ್ಪಾಗಿತ್ತು.

ಅಣ್ಣ: ಮಾಡು ಇಳಿಬಿದ್ದಿರೋದರಿಂದ ಬಿಸಿಲು ನೇರ ಒಳಗೆ ಬರ್ತಾನೇ ಇರಲಿಲ್ಲ. ಅಂಗಳಕ್ಕೆ ಬಿದ್ದು, ಕೆಂಪು ನೆಲಕ್ಕೆ ತಾಗಿ, ಆಮೇಲೆ ಗೋಡೆಗೆ ಬರ್ತಿತ್ತು. ಅಷ್ಟು ಹೊತ್ತಿಗೆ ಆ ಬೆಳಕೇ ಬೆಚ್ಚಗಾಗಿರ್ತಿತ್ತು. ಇಲ್ಲಿ ನೋಡು, ಕೆಳಗೆ ಕೆನೆ ಬಣ್ಣದ ಹೊಳೆಯೋ ಟೈಲ್ಸು, ಮೇಲೆ ಬೆಳ್ಳಗಿನ ಸೀಲಿಂಗು. ಹಸಿರನ್ನ ಹಿಡಿದು ನಿಲ್ಲಿಸೋ ಒಂದು ಕೆಂಪು ಇಲ್ಲ, ಒಂದು ಕಪ್ಪು ಇಲ್ಲ. ಡಬ್ಬದಲ್ಲಿ ಬಣ್ಣ ತರಬಹುದು ಕಣೇ, ಬೆಳಕು ತರೋಕಾಗಲ್ಲ. ಈ ಮನೆಗೆ ಯಾವ ಬೆಳಕು ಬರುತ್ತೆ ಅಂತ ಮೊದಲು ನೋಡಬೇಕು. ಅದಕ್ಕೇ ಬೆಳಿಗ್ಗೆ ಬಂದಿದ್ದೀನಿ, ರಾತ್ರಿವರೆಗೆ ಇರ್ತೀನಿ.

ತಂಗಿ: ಕಾರ್ಡಿನಲ್ಲಿ ಚೆನ್ನಾಗಿದ್ದದ್ದು ಗೋಡೆ ಮೇಲೆ ಇಷ್ಟು ಗಾಢ ಆಗಿದ್ದೂ ಬೆಳಕಿನಿಂದಲೇನಾ?

ಅಣ್ಣ: ಸ್ವಲ್ಪ ಮಟ್ಟಿಗೆ. ಕಾರ್ಡಿನ ಚೌಕದ ಸುತ್ತ ಬಿಳಿ ಕಾಗದ ಇರುತ್ತೆ. ಗೋಡೆ ಸುತ್ತ ಗೋಡೆ ಇರುತ್ತೆ. ಒಂದು ಹಸಿರು ಗೋಡೆಗೆ ಬಿದ್ದ ಬೆಳಕು ಹಸಿರಾಗಿ ಹೊರಟು ಎದುರಿನ ಹಸಿರು ಗೋಡೆಗೆ ಬೀಳುತ್ತೆ, ಅಲ್ಲಿಂದ ಇನ್ನಷ್ಟು ಹಸಿರಾಗಿ ವಾಪಸ್ ಬರುತ್ತೆ. ನಾಲ್ಕು ಗೋಡೆ ಸೇರಿ ಒಂದಕ್ಕೊಂದು ಬಣ್ಣ ಹಚ್ಚಿಕೊಳ್ತಾವೆ. ನನ್ನ ಪೇಂಟ್ ಅಂಗಡಿಯಲ್ಲಿ ನಾನು ಎಲ್ಲರಿಗೂ ಹೇಳ್ತಿದ್ದೆ, ಕಾರ್ಡಿನಲ್ಲಿ ಯಾವ ಹಸಿರು ಇಷ್ಟ ಆಗುತ್ತೋ ಅದಕ್ಕಿಂತ ಎರಡು ಮೆಟ್ಟಿಲು ಮಂದ ಇರೋದನ್ನ ತಗೊಳ್ಳಿ ಅಂತ. ತಿಳಿ ಅಲ್ಲ, ಮಂದ. ಎರಡೂ ಬೇರೆ ಬೇರೆ.

ತಂಗಿ: ಬಿಡಿಸಿ ಹೇಳು.

ಅಣ್ಣ: ತಿಳಿ ಅಂದರೆ ಬಿಳಿ ಹೆಚ್ಚು. ಮಂದ ಅಂದರೆ ಹಸಿರಿನ ಜೊತೆ ಅದಕ್ಕೆ ಎದುರಾದ ಬಣ್ಣ ಒಂದು ಹನಿ. ಹಿಂದೆ ಡಿಸ್ಟೆಂಪರಿನ ಕಾಲದಲ್ಲಿ ನಮ್ಮ ಹಳೇ ಪೇಂಟರುಗಳು ಬಕೆಟ್ಟಿನಲ್ಲಿ ಹಸಿರು ಸ್ಟೇನರ್ ಕಲಸಿ, ಕೊನೆಗೆ ಕಡ್ಡಿ ತುದಿಯಲ್ಲಿ ರೆಡ್ ಆಕ್ಸೈಡ್ ಅದ್ದಿ ಎರಡು ಹನಿ ಬಿಡ್ತಿದ್ದರು. ನೋಡೋರಿಗೆ ಗಾಬರಿ, ಹಸಿರಿಗೆ ಕೆಂಪು ಯಾಕೆ ಅಂತ. ಬಿಟ್ಟು ತಿರುಗಿಸಿದರೆ ಕೆಂಪು ಎಲ್ಲೂ ಕಾಣಲ್ಲ, ಹಸಿರಿನ ಹಟ ಮಾತ್ರ ಇಳಿದಿರುತ್ತೆ. ಈಗ ಮೆಷಿನ್ ಮಾಡೋದೂ ಅದನ್ನೇ. ಬಿಳಿ ಬೇಸ್ ಡಬ್ಬಕ್ಕೆ ಹಸಿರು, ಹಳದಿ ಆಕ್ಸೈಡು, ಒಂದು ಚೂರು ಕಪ್ಪು. ಆ ಕೊನೆಯ ಚೂರು ಇಲ್ಲದ ಹಸಿರು ಮನೆಯಲ್ಲಿ ಕಿರುಚುತ್ತೆ. ನಿನ್ನ ಗೋಡೆಯಲ್ಲಿ ಅದಿಲ್ಲ.

ತಂಗಿ: ಹಸಿರಿಗೆ ಎದುರು ಕೆಂಪು ಅಂದೆಯಲ್ಲ, ಅದು ನನಗೆ ನಿನಗಿಂತ ಚೆನ್ನಾಗಿ ಗೊತ್ತು. ನಮ್ಮ ಕೆಲಸವೇ ಅದರ ಮೇಲೆ ನಿಂತಿದೆ. ಜನ ಅಂದುಕೊಂಡಿರೋದು ಆಸ್ಪತ್ರೆಯಲ್ಲಿ ಹಸಿರು ಇರೋದು ಮನಸ್ಸಿಗೆ ತಂಪಾಗಲಿ ಅಂತ. ಥಿಯೇಟರಿಗೆ ಅದು ಬಂದದ್ದು ಕಣ್ಣಿನ ಕಷ್ಟಕ್ಕೆ. ಹಿಂದೆ ಗೋಡೆ, ಬಟ್ಟೆ, ಟೋಪಿ ಎಲ್ಲ ಬಿಳಿ. ಡಾಕ್ಟರು ರಕ್ತ ನೋಡಿ ನೋಡಿ ತಲೆ ಎತ್ತಿದರೆ ಬಿಳಿ ಬಟ್ಟೆ ಕಣ್ಣಿಗೆ ಹೊಡೆಯೋದು, ಅದರ ಮೇಲೆ ಹಸಿರು ಹಸಿರು ನೆರಳು ತೇಲೋದು. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಹ್ಯಾರಿ ಶೆರ್ಮನ್ ಅನ್ನೋ ಸರ್ಜನ್ ಥಿಯೇಟರಿಗೆ ಪಾಲಕ್ ಸೊಪ್ಪಿನ ಹಸಿರು ಹಾಕಿಸಿದರು. ಆ ನೆರಳು ಹಸಿರಿನಲ್ಲಿ ಕರಗಿಹೋಯ್ತು, ಕಣ್ಣಿಗೆ ಆರಾಮ ಸಿಕ್ತು. ಬೇಕಾದರೆ ಈಗಲೇ ನೋಡು. ತಗೋ ಈ ಕುಂಕುಮದ ಬಟ್ಟಲು. ಕಣ್ಣು ಮಿಟುಕಿಸದೆ ಮೂವತ್ತು ಎಣಿಸುವವರೆಗೆ ನೋಡು. ಈಗ ಆ ಬಿಳಿ ಬಾಗಿಲಿನ ಕಡೆ ತಿರುಗು.

ಅಣ್ಣ: ಹೌದಲ್ಲೇ! ತಿಳಿಹಸಿರು ಚಂದ್ರ ಬಂದ ಹಾಗೆ ಬಂತು.

ತಂಗಿ: ಕಣ್ಣು ಕೆಂಪಿನಿಂದ ದಣಿದಾಗ ತಾನೇ ಹಸಿರನ್ನ ಹುಟ್ಟಿಸಿಕೊಳ್ಳುತ್ತೆ.

ಅಣ್ಣ: ಹಾಗಾದರೆ ಅಜ್ಜಿ ಮನೆಯ ಲೆಕ್ಕ ಈಗ ಪೂರ್ತಿ ಆಯ್ತು. ಕೆಂಪು ನೆಲ ನೋಡಿದ ಕಣ್ಣು ಗೋಡೆಗೆ ಏರುವಾಗ ಆಗಲೇ ಅರ್ಧ ಹಸಿರು ಹೊತ್ಕೊಂಡು ಹೋಗ್ತಿತ್ತು. ಗೋಡೆಯಲ್ಲಿ ಬಣ್ಣ ಇದ್ದದ್ದು ಬೆರಳು ಅದ್ದಿದಷ್ಟು, ಉಳಿದದ್ದು ನೆಲದ ಕೊಡುಗೆ. ಪ್ಯಾರಿಸ್ಸಿನ ಗೊಬ್ಲಾನ್ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರಲ್ ಅನ್ನೋ ರಸಾಯನ ಶಾಸ್ತ್ರಜ್ಞ ಬಣ್ಣದ ಮನೆಗೆ ಮುಖ್ಯಸ್ಥ ಆಗಿದ್ದ. ಕಪ್ಪು ನೂಲು ಸರಿ ಕಪ್ಪಾಗಿಲ್ಲ ಅಂತ ದೂರು ಬಂದಾಗ ಆತ ಬಣ್ಣವನ್ನ ಪರೀಕ್ಷೆ ಮಾಡಿದ. ನೂಲಿನಲ್ಲಿ ತಪ್ಪಿರಲಿಲ್ಲ, ಅದರ ಪಕ್ಕದ ನೂಲಿನ ಬಣ್ಣ ಅದನ್ನ ಕೆಡಿಸ್ತಿತ್ತು. 1839ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಅಕ್ಕಪಕ್ಕದ ಬಣ್ಣಗಳು ಒಂದರ ಮೇಲೊಂದು ಏನು ಮಾಡ್ತಾವೆ ಅನ್ನೋದನ್ನ ಆ ಪುಸ್ತಕದಷ್ಟು ಕೂಲಂಕಷವಾಗಿ ಅದಕ್ಕೂ ಮುಂಚೆ ಯಾರೂ ಬರೆದಿರಲಿಲ್ಲ ಅಂತಾರೆ. ನಿನ್ನ ಗೋಡೆಗೂ ಅಷ್ಟೇ, ಪಕ್ಕದಲ್ಲೇನಿದೆ ಅನ್ನೋದು ದೊಡ್ಡ ಪ್ರಶ್ನೆ. ಎರಡನೇ ಹಲಗೆ ತೆಗಿ.

ತಂಗಿ: ಇದು ಬಾಳೆ ಸುಳಿ. ಎಲೆ ಬಿಚ್ಚೋಕೆ ಮುಂಚೆ ಒಳಗಿರೋ ಬಣ್ಣ. ನನಗೆ ಇದು ತುಂಬಾ ಇಷ್ಟ ಆಯ್ತು ಅಣ್ಣ. ಮೂರನೇದು ಯಾಕೋ ಬೂದಿ ಬೂದಿ.

ಅಣ್ಣ: ಈಗಲೇ ಯಾವುದನ್ನೂ ಆರಿಸಬೇಡ. ಮೂರನ್ನೂ ಈ ಗೋಡೆಗೆ ಒರಗಿಸಿಡು. ನೋಡು, ಎರಡಡಿ ಚೌಕದ ಹಲಗೆ, ಬಿಳಿ ಪ್ರೈಮರ್ ಹೊಡೆದು ಎರಡು ಕೋಟ್ ಬಣ್ಣ, ಸುತ್ತ ಎರಡಿಂಚು ಬಿಳಿ ಅಂಚು ಬಿಟ್ಟಿದ್ದೀನಿ. ಆ ಅಂಚು ಇಲ್ಲದಿದ್ದರೆ ಈ ಹಳೇ ಗೋಡೆಯ ಹಸಿರು ಹಲಗೆಯ ಹಸಿರನ್ನ ತಿಂದುಬಿಡುತ್ತೆ. ತುಂಬಾ ಜನ ಗೋಡೆ ಮೇಲೇ ನಾಲ್ಕು ಪಟ್ಟೆ ಬಳಿಸಿ ನೋಡ್ತಾರೆ. ಹಾಗೆ ಮಾಡಿದರೆ ಒಂದೇ ಜಾಗದಲ್ಲಿ ನೋಡಬೇಕಾಗುತ್ತೆ. ಹಲಗೆ ಆದರೆ ಕಿಟಕಿ ಪಕ್ಕ, ಮೂಲೆ, ಸೋಫಾ ಹಿಂದೆ ಎಲ್ಲಿ ಬೇಕಾದರೂ ಕೂರುತ್ತೆ. ಸರಿ, ಈಗ ಕಾಫಿ ಕೊಡು.

ತಂಗಿ: ಅಡುಗೆಮನೆಗೇ ಬಾ. ಇಲ್ಲೂ ಅದೇ ಬಣ್ಣ ಬಳಿಸಬೇಕು ಅಂತಿದ್ದೆ.

ಅಣ್ಣ: ಒಲೆ ಹಿಂದಿನ ಗೋಡೆಗೆ ಬೇಡ. ಒಗ್ಗರಣೆ ಎಣ್ಣೆ, ಅರಿಸಿನ ಸಿಡಿದು ತಿಳಿಹಸಿರಿನ ಮೇಲೆ ಕಂದು ಚುಕ್ಕಿ ಆಗುತ್ತೆ, ಉಜ್ಜಿದರೆ ಆ ಜಾಗ ಮಿರುಗುತ್ತೆ. ಅಲ್ಲಿ ಟೈಲ್ಸೇ ಇರಲಿ. ಉಳಿದ ಗೋಡೆಗೆ ತೊಳೆಯೋಕೆ ಬರೋ ಸ್ಯಾಟಿನ್ ಫಿನಿಶ್ ಹಾಕಿಸು. ಹಾಲಿಗೂ ಬೆಡ್‌ರೂಮಿಗೂ ಮಾತ್ರ ಮ್ಯಾಟ್. ಇದನ್ನ ಗಟ್ಟಿಯಾಗಿ ಹೇಳ್ತೀನಿ, ಕೇಳು. ತಿಳಿಹಸಿರು ಹೊಳೆಯಬಾರದು. ಹೊಳಪು ಬಂದ ಕೂಡಲೇ ಅದು ಪ್ಲಾಸ್ಟಿಕ್ ಬಿಂದಿಗೆ ಆಗುತ್ತೆ. ನಿನ್ನ ಥಿಯೇಟರ್ ನೆನಪಾಗೋಕೆ ಅರ್ಧ ಕಾರಣ ಬಣ್ಣ ಅಲ್ಲ, ಆ ಹೊಳಪು. ಸುಣ್ಣದ ಗೋಡೆ ಹೊಳೀತಿರಲಿಲ್ಲ.

ತಂಗಿ: ಥಿಯೇಟರಿನಲ್ಲಿ ದಿನಾ ತೊಳೀಬೇಕಲ್ಲ, ಅದಕ್ಕೇ ಅಲ್ಲಿ ಹೊಳಪಿನದ್ದೇ ಬಳಿಯೋದು. ಅಣ್ಣ, ಈ ಬೆಡ್‌ರೂಮ್ ನೋಡು ಬಾ. ಇಲ್ಲಿ ಬಣ್ಣ ಹೊಡೆದು ಎರಡು ತಿಂಗಳಾಗಿಲ್ಲ, ಆಗಲೇ ಗುಳ್ಳೆ ಎದ್ದಿದೆ. ಗೋಡೆ ಆಚೆ ಬಾತ್‌ರೂಮ್. ಪೇಂಟರ್‌ಗೆ ಕೇಳಿದೆ, ಇನ್ನೊಂದು ಕೋಟ್ ಹೊಡೆದರೆ ಸರಿ ಹೋಗುತ್ತೆ ಅಂದ.

ಅಣ್ಣ: ಸರಿ ಹೋಗಲ್ಲ. ಕೈ ಇಟ್ಟು ನೋಡು, ತಣ್ಣಗಿದೆ. ಈ ಬಿಳಿ ಪುಡಿ ಉಪ್ಪು. ನೀರು ಇಟ್ಟಿಗೆಯೊಳಗಿನ ಉಪ್ಪನ್ನ ಕರಗಿಸಿ ಹೊರಗೆ ತಂದು, ತಾನು ಆವಿಯಾಗಿ ಅದನ್ನ ಇಲ್ಲೇ ಬಿಟ್ಟುಹೋಗುತ್ತೆ. ಮೇಲೆ ಎಷ್ಟು ಕೋಟ್ ಹೊಡೆದರೂ ಅದು ತಳ್ಳಿಕೊಂಡು ಬರುತ್ತೆ. ಮೊದಲು ಬಾತ್‌ರೂಮಿನ ಪೈಪೋ, ಟೈಲ್ಸ್ ಸಂದೋ, ಎಲ್ಲಿ ಸೋರ್ತಿದೆ ಅಂತ ಪ್ಲಂಬರ್ ಹತ್ತಿರ ನೋಡಿಸು. ಆಮೇಲೆ ಈ ಪ್ಲಾಸ್ಟರ್ ಒಡೆಸಿ ಹೊಸದು ಮಾಡಿಸು. ಹೊಸ ಪ್ಲಾಸ್ಟರಿಗೆ 28 ದಿನ ಬಿಡಬೇಕು, ಅದರಲ್ಲಿ ಮಾತಿಲ್ಲ. ಆದ ಮೇಲೂ ಒಂದು ಅಡಿ ಪ್ಲಾಸ್ಟಿಕ್ ಹಾಳೆ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಪೂರ್ತಿ ಬಿಡು. ತೆಗೆದಾಗ ಹಿಂದೆ ಬೆವರಿದ್ದರೆ ಇನ್ನೂ ಕಾಯಬೇಕು.

ತಂಗಿ: ಅಷ್ಟು ದಿನ ಮಗನ ಮಂಚ ಎಲ್ಲಿ ಹಾಕಲಿ?

ಅಣ್ಣ: ಹಾಲಿನಲ್ಲಿ ಮಲಗಲಿ. ಮಗನ ಮಾತು ಬಂತಲ್ಲ, ಆ ಬಾಲ್ಕನಿ ಗ್ರಿಲ್ಲು, ಅದರ ಹಸಿರು ಎನಾಮೆಲ್ ಎಷ್ಟು ಹಳೇದು?

ತಂಗಿ: ಮನೆ ಕಟ್ಟಿದಾಗಿನದ್ದು. 1998 ಅಂತ ಪತ್ರದಲ್ಲಿದೆ. ಅದನ್ನ ಪೂರ್ತಿ ಉಜ್ಜಿ ತೆಗೆಸಿ ಇದೇ ತಿಳಿಹಸಿರು ಬಳಿಸೋಣ ಅಂತಿದ್ದೀನಿ.

ಅಣ್ಣ: ಒಣಗಿದ್ದ ಹಾಗೇ ಉಜ್ಜಲೇಬೇಡ. ಆ ಕಾಲದ ಹಸಿರು ಎನಾಮೆಲಿನಲ್ಲಿ ಸೀಸ ಇರಬಹುದು. ಹಳದಿ ಸೀಸದ ಕ್ರೋಮೇಟಿಗೆ ನೀಲಿ ಸೇರಿಸಿದರೆ ಕಡು ಹಸಿರು, ಅದನ್ನೇ ಕ್ರೋಮ್ ಗ್ರೀನ್ ಅಂತ ಮಾರ್ತಿದ್ದರು. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿ, 2017ರ ನವೆಂಬರ್ 1ರಿಂದ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ ತಂತು. ಅದಕ್ಕೆ ಮುಂಚಿನ ಡಬ್ಬಗಳಿಗೆ ನಾನು ಗ್ಯಾರಂಟಿ ಕೊಡಲಾರೆ, ನಾನೇ ಮಾರಿದ್ದಕ್ಕೂ ಕೊಡಲಾರೆ. ಉಜ್ಜಿದ ಧೂಳು ನೆಲಕ್ಕೆ ಕೂರುತ್ತೆ, ನಾಲ್ಕು ವರ್ಷದ ಮಗು ನೆಲದ ಮೇಲೆ ಆಡಿ ಬೆರಳು ಬಾಯಿಗಿಡುತ್ತೆ. ಸೀಸ ಮಕ್ಕಳ ಮಿದುಳಿಗೆ ಏನು ಮಾಡುತ್ತೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ತಂಗಿ: ಹಾಗಾದರೆ ಏನು ಮಾಡಲಿ?

ಅಣ್ಣ: ಬಣ್ಣ ಗಟ್ಟಿಯಾಗಿ ಕೂತಿರೋ ಕಡೆ ತೆಗೆಸಬೇಡ. ಎದ್ದ ಕಡೆ ಮಾತ್ರ ನೀರು ಹಾಕಿ ಒದ್ದೆ ಪೇಪರ್ ಉಜ್ಜಿಸು, ಕೆಳಗೆ ಪ್ಲಾಸ್ಟಿಕ್ ಹಾಸಿರಲಿ, ಮಗು ಆ ದಿನ ಮನೆಯಲ್ಲಿ ಇರಬಾರದು. ಆಮೇಲೆ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಅದರ ಮೇಲೆ ಹೊಸ ಬಣ್ಣ ಹೊಡೆಸು. ಹಸಿರಿನ ಚರಿತ್ರೆಯಲ್ಲಿ ಇದಕ್ಕಿಂತ ಕೆಟ್ಟದ್ದು ಆಗಿಹೋಗಿದೆ. 1775ರಲ್ಲಿ ಸ್ವೀಡನ್ನಿನ ಶೀಲೆ ಅನ್ನೋ ರಸಾಯನ ಶಾಸ್ತ್ರಜ್ಞ ತಾಮ್ರಕ್ಕೆ ಪಾಷಾಣ ಸೇರಿಸಿ ಒಂದು ಹಸಿರು ಮಾಡಿದ. ಎಷ್ಟು ಚೆಂದ ಅಂದರೆ, ಮುಂದಿನ ನೂರು ವರ್ಷ ಯುರೋಪಿನ ಮನೆಗಳ ಗೋಡೆಕಾಗದ, ಬಟ್ಟೆ, ಕಾಗದದ ಹೂವು ಎಲ್ಲದರಲ್ಲೂ ಅದು, ಅದರ ತಮ್ಮನಂಥ ಇನ್ನೊಂದು ಹಸಿರು. ಥಂಡಿ ಗೋಡೆಯಲ್ಲಿ ಬೂಷ್ಟು ಬೆಳೆದರೆ ಆ ಕಾಗದದಿಂದ ವಿಷದ ಗಾಳಿ ಏಳೋದು. ಜನ ಮಲಗೋ ಕೋಣೆಗೇ ಅದನ್ನ ಅಂಟಿಸಿಕೊಂಡಿದ್ದರು.

ತಂಗಿ: ಅಜ್ಜಿ ಗೋಡೆಯ ಮೈಲುತುತ್ತ?

ಅಣ್ಣ: ಅದರಲ್ಲಿ ಪಾಷಾಣ ಇಲ್ಲ, ಸೀಸ ಇಲ್ಲ. ಆದರೂ ಹೊಟ್ಟೆಗೆ ಹೋದರೆ ಮೈಲುತುತ್ತವೂ ವಿಷವೇ. ಅಜ್ಜಿ ಅದನ್ನ ಅಟ್ಟದ ಮೇಲೆ, ನಮ್ಮ ಕೈಗೆ ಸಿಗದ ಕಡೆ ಇಡ್ತಿದ್ದದ್ದು ಅದಕ್ಕೇ.

ತಂಗಿ: ಊಟಕ್ಕೆ ಏಳು. ನೀನು ಬರ್ತೀಯ ಅಂತ ಎಲೆ ತರಿಸಿದ್ದೆ.

ಅಣ್ಣ: ಎಲೆ ಹಾಕೋಕೆ ಮುಂಚೆ ಒಂದು ನಿಮಿಷ ಇಲ್ಲಿ ಕೊಡು. ಮೇಲ್ಮೈ ನೋಡು, ಅಚ್ಚ ಹಸಿರು, ಮಿರ ಮಿರ. ಈಗ ತಿರುಗಿಸು. ಬೆನ್ನಿನಲ್ಲಿ ಏನಿದೆ?

ತಂಗಿ: ಮಾಸಲು. ಬೆರಳಿಟ್ಟರೆ ಬಿಳಿ ಪುಡಿ ಅಂಟುತ್ತೆ.

ಅಣ್ಣ: ಮೇಣದ ಪುಡಿ. ಬೆರಳು ಉಜ್ಜಿದ ಜಾಗ ನೋಡು, ಅಲ್ಲಿ ಹಸಿರು ಎದ್ದು ಕಾಣ್ತಿದೆ, ಪಕ್ಕದಲ್ಲಿ ಮಂಜು ಕವಿದ ಹಾಗಿದೆ. ಈಗ ಆ ಮೂರನೇ ಹಲಗೆ ಪಕ್ಕ ಹಿಡಿ.

ತಂಗಿ: ಅದೇ ಇದು! ಬೆಳಿಗ್ಗೆ ಇದನ್ನ ಬೂದಿ ಅಂದೆನಲ್ಲ, ಈಗ ಹಾಗೆ ಕಾಣ್ತಿಲ್ಲ. ಮಧ್ಯಾಹ್ನದ ಬೆಳಕಲ್ಲಿ ಬಾಳೆ ಸುಳಿ ಇದೆಯಲ್ಲ, ಅದೇ ಸ್ವಲ್ಪ ನಿಂಬೆಹಣ್ಣಿನ ಕಡೆ ವಾಲಿದೆ.

ಅಣ್ಣ: ಸಂಜೆವರೆಗೆ ತಡಿ. ನಿನ್ನ ಹಾಲಿಗಿರೋದು ಪಶ್ಚಿಮದ ಕಿಟಕಿ. ಬೆಳಿಗ್ಗೆ ಒಳಗೆ ಬರೋದು ಬಿಸಿಲಲ್ಲ, ಆಕಾಶದ ಬೆಳಕು, ಅದು ನೀಲಿ. ಸಂಜೆ ಬರೋದು ನೇರ ಬಿಸಿಲು, ಅದು ಹಳದಿ. ಒಂದೇ ಗೋಡೆ ಎರಡು ಊರಿನ ಬೆಳಕು ತಿನ್ನುತ್ತೆ.

ತಂಗಿ: ಐದೂವರೆ ಆಯ್ತು, ನೋಡೀಗ. ಬಾಳೆ ಸುಳಿ ಪೂರ್ತಿ ಹಳದಿ ಆಗಿಬಿಟ್ಟಿದೆ, ಹೆಸರುಬೇಳೆ ಬಣ್ಣ. ಅಜ್ಜಿ ಮನೆ ಹಲಗೆ ಬೆಳಿಗ್ಗೆಗಿಂತ ವಾಸಿ, ಆದರೂ ಮನೆಗೆ ಸೇರದ ಹಾಗಿದೆ. ಆದರೆ ಇದೇನು, ಈ ಎಡಗಡೆ ಗೋಡೆ ಮಾತ್ರ ಯಾಕೆ ಕೊಳೆ ಕೊಳೆ ಕಾಣುತ್ತೆ?

ಅಣ್ಣ: ಕಿಟಕಿಯಿಂದ ಹೊರಗೆ ನೋಡು. ಓರೆಯಲ್ಲಿರೋ ಅಪಾರ್ಟ್‌ಮೆಂಟಿನ ಪಕ್ಕದ ಗೋಡೆಗೆ ಇಟ್ಟಿಗೆ ಕೆಂಪು ಬಳಿದಿದ್ದಾರೆ. ಅದರ ಮೇಲೆ ಬಿಸಿಲು ಬಿದ್ದು, ಕೆಂಪಾಗಿ ಇಲ್ಲಿಗೆ ಬರ್ತಿದೆ. ಕೆಂಪು ಬೆಳಕಲ್ಲಿ ಹಸಿರು ಗೋಡೆಗೆ ವಾಪಸ್ ಕೊಡೋಕೆ ಏನೂ ಇರಲ್ಲ, ಅದಕ್ಕೇ ಮಂಕು. ಆ ಗೋಡೆಗೆ ಹಸಿರು ಬೇಡ, ಕೆನೆ ಬಿಳಿ ಇರಲಿ. ಬಲಗಡೆ ಗೋಡೆಗೆ ನಿಮ್ಮ ರಸ್ತೆಯ ಮಳೆಮರದ ಬೆಳಕು ಬೀಳ್ತಿದೆ, ಅಲ್ಲಿ ಹಸಿರು ಒಂದು ಪಾಲು ಹೆಚ್ಚೇ ಕಾಣುತ್ತೆ. ಅದಕ್ಕೂ ಸೇರಿಸಿಯೇ ಮಂದ ಬೇಕು ಅಂದದ್ದು.

ತಂಗಿ: ಮೂರನೇದು ಮಾತ್ರ ಬೆಳಿಗ್ಗೆಯಿಂದ ಹೆಚ್ಚು ಬದಲಾಗಿಲ್ಲ ಅಣ್ಣ.

ಅಣ್ಣ: ಅದೇ ಅದರ ಗುಣ. ಕಾರ್ಡಿನ ಹಿಂದೆ ಎಲ್‌ಆರ್‌ವಿ ಅಂತ ಒಂದು ಅಂಕಿ ಇರುತ್ತೆ, ಬಿದ್ದ ಬೆಳಕಿನಲ್ಲಿ ಎಷ್ಟು ವಾಪಸ್ ಕೊಡುತ್ತೆ ಅಂತ, ಸೊನ್ನೆಯಿಂದ 100ರವರೆಗೆ. ಇದು 60ರ ಮೇಲಿದೆ. ಹಾಗಾಗಿ ಬೂದಿ ಬೆರೆತಿದ್ದರೂ ಕೋಣೆ ಕತ್ತಲಾಗಲ್ಲ. ಸೀಲಿಂಗಿಗೆ ನೀಲಿ ಹೊಡೆಯೋ ಬಿಳಿ ಬೇಡ, ಸ್ವಲ್ಪ ಹಳದಿ ಕಡೆ ಇರೋ ಬಿಳಿ ಹಾಕಿಸು. ಇನ್ನು ಕೆಂಪು ಬೇಕು. ನೆಲ ಒಡೆದು ಗಾರೆ ಹಾಕಿಸೋಕಾಗಲ್ಲ, ಒಂದು ನವಲಗುಂದದ ಜಮಖಾನ ಹಾಸು. ಕೆಂಪಿನ ಮೇಲೆ ನವಿಲು ಇರೋದು.

ತಂಗಿ: ನನ್ನ ಹತ್ತಿರ ಸಾಗರದಿಂದ ತಂದ ಹಸೆ ಚಿತ್ತಾರ ಇದೆ, ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಗೆರೆ. ಎಲ್ಲಿ ಹಾಕೋದು ತಿಳಿಯದೆ ಬೀರುವಿನ ಹಿಂದೆ ಇಟ್ಟಿದ್ದೀನಿ.

ಅಣ್ಣ: ತಾ ಇಲ್ಲಿ. ಮೂರನೇ ಹಲಗೆ ಮೇಲೆ ಹಿಡಿ. ನೋಡಿದೆಯಾ?

ತಂಗಿ: ಅಣ್ಣ, ಗೋಡೆ ಹಸಿರಾಗಿಬಿಡ್ತು. ನಡುಮನೆ ಹಸಿರು. ಇದೇ, ಇದೇ ನನಗೆ ಬೇಕಾಗಿದ್ದದ್ದು.

ಅಣ್ಣ: ಹಲಗೆ ಬದಲಾಗಿಲ್ಲ, ಪಕ್ಕಕ್ಕೆ ಕೆಂಪು ಬಂತು ಅಷ್ಟೇ. ಜೊತೆಗೆ ಮರ ಇರಲಿ, ಹಿತ್ತಾಳೆ ಇರಲಿ. ಸ್ಟೀಲ್ ಮತ್ತೆ ಗಾಜು ಕಡಿಮೆ ಮಾಡು, ಅವು ಬಂದರೆ ಮತ್ತೆ ಆಸ್ಪತ್ರೆ. ಈಗ ಕತ್ತಲಾಯ್ತು, ಲೈಟ್ ಹಾಕು.

ತಂಗಿ: ಹಾಕಿದೆ. ಎಲ್ಲ ಹಾಳಾಯ್ತು. ನಿನ್ನ ಮುಖ ನೋಡು, ಜ್ವರ ಬಂದವರ ಹಾಗಿದೆ. ನಾನು ದಿನಾ ರೋಗಿಗಳ ತುಟಿ, ಉಗುರು ನೋಡಿ ನೀಲಿಗಟ್ಟಿದೆಯಾ ಅಂತ ಹೇಳೋಳು. ಈ ಬೆಳಕಿನಲ್ಲಿ ಯಾರನ್ನ ನೋಡಿದರೂ ಡಾಕ್ಟರಿಗೆ ಫೋನ್ ಮಾಡಬೇಕು ಅನ್ನಿಸುತ್ತೆ.

ಅಣ್ಣ: ಬಲ್ಬಿನ ಡಬ್ಬ ಇದ್ದರೆ ಕೊಡು. 6500ಕೆ, ನೀಲಿ ಹೊಡೆಯೋ ಬಿಳಿ ಬೆಳಕು. ಟ್ಯೂಬ್‌ಲೈಟ್ ಕಾಲದಿಂದ ನಮ್ಮ ಮನೆಗಳಿಗೆಲ್ಲ ಇದೇ ಅಭ್ಯಾಸ ಆಗಿದೆ, ಬೆಳ್ಳಗೆ ಇದ್ದರೆ ಬೆಳಕು ಜಾಸ್ತಿ ಅಂತ ಭಾವನೆ. ತಿಳಿಹಸಿರಿಗೆ ಇದು ಶತ್ರು. ಗೋಡೆಯ ಹಸಿರನ್ನೆಲ್ಲ ಎತ್ತಿ ಮುಖಕ್ಕೆ ಹಚ್ಚುತ್ತೆ. ನನ್ನ ಚೀಲದಲ್ಲಿ ಒಂದು ಬಲ್ಬ್ ಇದೆ, 3000ಕೆ, ಬೆಚ್ಚಗಿನ ಹಳದಿ ಬೆಳಕು, ಸಿಆರ್‌ಐ 90. ಅದನ್ನ ಹಾಕು.

ತಂಗಿ: ಸಿಆರ್‌ಐ ನಮಗೂ ಗೊತ್ತು. ಥಿಯೇಟರ್ ಲೈಟ್ ತರಿಸುವಾಗ ಮೊದಲು ಕೇಳೋದೇ ಅದು. ರಕ್ತದ ಬಣ್ಣ, ಮಾಂಸದ ಬಣ್ಣ ಇದ್ದ ಹಾಗೇ ಕಾಣಬೇಕು. ಮನೆ ಬಲ್ಬಿಗೂ ಅದನ್ನ ಕೇಳಬೇಕು ಅಂತ ಯಾವತ್ತೂ ಹೊಳೆದಿರಲಿಲ್ಲ. ತಗೋ, ಹಾಕಿದೆ... ಎಲೆಯ ಬೆನ್ನು ಹಾಗೇ ಇದೆ ಅಣ್ಣ. ನಿನ್ನ ಮುಖಕ್ಕೂ ಜೀವ ಬಂತು.

ಅಣ್ಣ: ಹಾಗಾದರೆ ಇದೇ ಆಗಲಿ. ಬಣ್ಣ ಆರಿಸೋದು ಗೋಡೆಗೋಸ್ಕರ ಅಲ್ಲ, ಅದರ ಮುಂದೆ ಕೂರೋರಿಗೋಸ್ಕರ. ರಾತ್ರಿ ಒಂಬತ್ತಕ್ಕೆ ಡ್ಯೂಟಿ ಮುಗಿಸಿ ಬಂದು ನೀನು ಇಲ್ಲಿ ಕೂತಾಗ ಮಗನ ಮುಖ ಚೆನ್ನಾಗಿ ಕಾಣಬೇಕು. ನನಗೆ ಈ ಹಲಗೆ ಸರಿ ಅನ್ನಿಸೋದು ಅದಕ್ಕೆ.

ತಂಗಿ: ಎಷ್ಟು ಲೀಟರ್ ತರಿಸಲಿ?

ಅಣ್ಣ: ಹಾಲ್ 16ಕ್ಕೆ 12 ಅಡಿ, ಎತ್ತರ 10. ಸುತ್ತಳತೆ 56, ಗೋಡೆ 560 ಚದರಡಿ. ಬಾಗಿಲು ಕಿಟಕಿ 110 ಕಳೆ, 450 ಉಳೀತು. ಎಡಗಡೆ ಗೋಡೆಗೆ ಕೆನೆ ಬಿಳಿ ಅಂದೆವಲ್ಲ, ಅದು 120. ಹಸಿರಿಗೆ 330. ಒಂದು ಲೀಟರ್ ಎರಡು ಕೋಟ್‌ಗೆ ಸುಮಾರು 120 ಚದರಡಿ ಬರುತ್ತೆ. ಮೂರು ಲೀಟರ್ ಹತ್ತಿರ ಬೇಕು, 4 ಲೀಟರ್ ಡಬ್ಬ ಒಂದು ತಗೋ. ಬೆಡ್‌ರೂಮಿಗೆ ಪ್ಲಾಸ್ಟರ್ ಒಣಗಿದ ಮೇಲೆ ಬೇರೆ ತರೋಣ. ಈಗಿರೋ ಹೊಳಪಿನ ಗೋಡೆಗೆ ಮೊದಲು ಪೇಪರ್ ಹೊಡೆಸಿ, ಒಂದು ಕೋಟ್ ಪ್ರೈಮರ್ ಹಾಕಿಸೋದನ್ನ ಮರೀಬೇಡ. ಉಳಿದ ಬಣ್ಣವನ್ನ ಚಿಕ್ಕ ಡಬ್ಬಕ್ಕೆ ಬಾಯಿತನಕ ತುಂಬಿ, ಮುಚ್ಚಳ ಬಿಗಿದು, ಅದರ ಮೇಲೆ ಶೇಡ್ ನಂಬರು, ತಾರೀಖು ಬರೆದು ಮಗನ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಡು.